ಎಂಜಿನ್ನಿನ ನಾಲ್ಕನೆಯ ಕಾಲು

ಆ ತೂತು ಕೊರೆದದ್ದು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎದುರಾಳಿ ಎತ್ತಿ ತೋರಿಸುವ ಮುಂಚೆ ನಮ್ಮ ತಪ್ಪನ್ನು ನಾವೇ ಹೇಳಿಬಿಟ್ಟರೆ ಅದರ ಅರ್ಧ ಬಲ ಹೋಗುತ್ತದೆ ಎಂಬುದು ರಾಯಚೂರಿನ ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಯ ಮೈಕಿನ ಮುಂದೆ ನಿಂತು ನಾನು ಕಲಿತ ವಿದ್ಯೆ. ಉಳಿದರ್ಧ ಬಲ ಎಲ್ಲಿಗೆ ಹೋಗುತ್ತದೆಂದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ದೇವದುರ್ಗ ತಾಲ್ಲೂಕಿನ ಒಂದು ಹೊಳೆದಂಡೆಯ ಊರಿನಲ್ಲಿ, ಆರು ಜನ ಎತ್ತಿ ಇಟ್ಟ ಡೀಸೆಲ್ ಎಂಜಿನ್ನಿನ ಅಡಿಯಲ್ಲಿ ನನಗಾಗಿ ಕಾಯುತ್ತಿತ್ತು.

ಅವ್ವನ ತಮ್ಮ, ಅಂದರೆ ನನ್ನ ಸೋದರಮಾವ, ಅಲ್ಲಿ ಕೃಷ್ಣೆಯಲ್ಲಿ ದೋಣಿ ನಡೆಸುತ್ತಾನೆ. ಹೊಳೆಯ ನಡುವೆ ಒಂದು ನಡುಗಡ್ಡೆ, ಅದರ ಮೇಲೆ ಮೂವತ್ತು ಚಿಲ್ಲರೆ ಮನೆ. ಬೇಸಿಗೆಯಲ್ಲಿ ಅಲ್ಲಿಯ ಜನ ಬಂಡೆಯಿಂದ ಬಂಡೆಗೆ ಕಾಲಿಡುತ್ತ ದಾಟಿ ಬಂದುಬಿಡುತ್ತಾರೆ. ಮೇಲಿನ ಡ್ಯಾಮಿನಿಂದ ನೀರು ಬಿಟ್ಟ ದಿನದಿಂದ ದೋಣಿಯೇ ಗತಿ. ಮಾವನಿಗೆ ಒಂದೊಂದು ಸಲ ದಾಟಿಸಿದ್ದಕ್ಕೆ ಇಷ್ಟು ಎಂದು ಯಾರೂ ಕೊಡುವುದಿಲ್ಲ. ಸುಗ್ಗಿಯಲ್ಲಿ ಮನೆಗಿಷ್ಟು ಜೋಳ ಅಂತ ಆಯ ಅಳೆಯುತ್ತಾರೆ. ವರ್ಷವಿಡೀ ಯಾರು ಕೂಗಿದರೂ, ಒಂದೇ ಆಡು ದಾಟಿಸಬೇಕಿದ್ದರೂ, ಅವನು ಇಲ್ಲ ಎನ್ನುವಂತಿಲ್ಲ. ಆಯದ ವರ್ಷ ಶುರುವಾಗುವುದು ಉಗಾದಿಗೂ ಅಲ್ಲ, ಜನವರಿಗೂ ಅಲ್ಲ. ಹೊಸ ನೀರು ಬಂದ ಬೆಳಿಗ್ಗೆ ಯಾರ ದೋಣಿ ಮೊದಲು ನಡುಗಡ್ಡೆಗೆ ಹೋಗಿ ನಿಲ್ಲುತ್ತದೋ ಅವನಿಗೆ ಆ ವರ್ಷದ ಪಾಳಿ. ಹನ್ನೊಂದು ವರ್ಷ ಆ ದೋಣಿ ಮಾವನದೇ ಆಗಿತ್ತು.

ಹೋದ ವರ್ಷ ಅವನ ಹಳೆಯ ಎಂಜಿನ್ ಎರಡು ಸಲ ನಡುಹೊಳೆಯಲ್ಲಿ ಬಂದ್ ಬಿತ್ತು. ಒಂದು ಸಲ ದೋಣಿ ಬಾಣಂತಿಯೊಬ್ಬಳನ್ನು ಹೊತ್ತುಕೊಂಡೇ ಅರ್ಧ ಮೈಲಿ ತೇಲಿಕೊಂಡು ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಈ ಸಲ ನಡುಗಡ್ಡೆಯ ಹಿರಿಯರೊಬ್ಬರು ಬಂದು ಮಾವನ ಕಟ್ಟೆಯ ಮೇಲೆ ಕೂತು, ಕೊಟ್ಟ ಚಹಾ ಪೂರಾ ಕುಡಿದು, ಆಮೇಲೆ ಹೇಳಿದರು:

"ನಿನ್ನ ಮ್ಯಾಲ ನಮಗ ಸಿಟ್ಟಿಲ್ಲಪ್ಪಾ. ಆದ್ರ ನೀರು ಬಂದ ದಿನ ನಿನ್ನ ದೋಣಿ ಬರಲಿಲ್ಲಂದ್ರ ಆಚಿ ದಂಡಿಯವರಿಗೆ ಬರ್ರಿ ಅಂತೀವಿ."

ಮಾವ ಹೂಂ ಎಂದನಂತೆ. ನಾನಿದ್ದಿದ್ದರೆ ಕನಿಷ್ಠ ಮೂರು ಅಂಶ ಎತ್ತುತ್ತಿದ್ದೆ.

ಹೊಸ ಎಂಜಿನ್ ಎಂದರೆ ನಮಗೆ ಹಳೆಯದೇ. ಮಾನ್ವಿಯಲ್ಲಿ ಒಬ್ಬರು ಮಿಸ್ತ್ರಿ ಇದ್ದಾರೆ. ಅಡ್ಡಬಜಾರಿನಲ್ಲಿ ಸಣ್ಣ ಅಂಗಡಿ, ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಅವರ ಕೈಯಲ್ಲಿ ಹಾದು ಹೋದವೇ. ಹಿರೇಕೊಟ್ನೆಕಲ್ಲಿನ ಗದ್ದೆಯೊಂದಕ್ಕೆ ಎಷ್ಟೋ ವರ್ಷ ನೀರೆತ್ತಿದ ಎಂಜಿನ್ನೊಂದು, ಅಲ್ಲಿಗೆ ಕರೆಂಟಿನ ಮೋಟರು ಬಂದ ಮೇಲೆ, ಅವರ ಅಂಗಡಿಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿತ್ತು. ಮಾವ ಅದರ ಸದ್ದನ್ನು ಕಣ್ಣು ಮುಚ್ಚಿ ಕೇಳಿ ಒಪ್ಪಿದ. ನಾನು ಜೊತೆಗೆ ಹೋಗಿದ್ದೆ. ಬಿ.ಎಡ್ ಪರೀಕ್ಷೆ ಮುಗಿದು ರಜೆ ಇತ್ತು, ಕೇಳಲು ಪ್ರಶ್ನೆಗಳೂ ಇದ್ದವು. ಸದ್ದು ಕೇಳಿ ಎಂಜಿನ್ನಿನ ಆರೋಗ್ಯ ಹೇಗೆ ಗೊತ್ತಾಗುತ್ತದೆ ಎಂದು ಮಿಸ್ತ್ರಿಯನ್ನು ಕೇಳಿದೆ. ಅವರು ನನ್ನನ್ನು ಒಂದು ಕ್ಷಣ ನೋಡಿ, ಮಾವನ ಕಡೆ ತಿರುಗಿ, ಈಕೆ ಏನು ಓದುತ್ತಾಳೆ ಎಂದು ಕೇಳಿದರು.

ಸೋಮವಾರ ಪಂಚಾಯ್ತಿಯ ಆಟೋ ಮೈಕು ಕಟ್ಟಿಕೊಂಡು ಬಂದು, ಗುರುವಾರ ಬೆಳಿಗ್ಗೆ ಹೊಳೆಗೆ ನೀರು ಬಿಡುತ್ತಾರೆ, ಯಾರೂ ಹೊಳೆಗೆ ಇಳಿಯಬಾರದು ಎಂದು ಸಾರಿ ಹೋಯಿತು. ಮಂಗಳವಾರ ಟೆಂಪೋದಲ್ಲಿ ಎಂಜಿನ್ ಬಂತು.

ದೋಣಿಯೊಳಗೆ ಎರಡು ಜಾಲಿಮರದ ತೊಲೆ. ಅವುಗಳ ಮೇಲೆ ಹೊಸದಾಗಿ ಕೂಡಿಸಿದ ಎರಡು ಕಬ್ಬಿಣದ ಆಂಗಲ್. ಎಂಜಿನ್ನಿಗೆ ನಾಲ್ಕು ಕಾಲು, ಕಾಲಿಗೊಂದು ತೂತು. ಆ ತೂತುಗಳಿಗೆ ಸರಿಯಾಗಿ ಆಂಗಲ್ಲಿನಲ್ಲೂ ತೊಲೆಯಲ್ಲೂ ತೂತು ಕೊರೆದು, ಮೇಲಿಂದ ಬೋಲ್ಟ್ ಇಳಿಸಿ, ಕೆಳಗೆ ನಟ್ಟು ಬಿಗಿಯಬೇಕು. ಇಷ್ಟೇ ಕೆಲಸ. ಜೊತೆಗೆ ಎಂಜಿನ್ನಿನ ಬೆನ್ನ ಹಿಂದೆ ನೀರಿನ ಫ್ಯಾನಿಗೆ ಹೋಗುವ ಉದ್ದನೆಯ ಶಾಫ್ಟು ಇದೆ. ಎಂಜಿನ್ ಆ ಶಾಫ್ಟಿಗೆ ನೇರವಾಗಿ ಕೂಡಬೇಕು.

ಅತ್ತೆ ಆಗಲೇ ಸ್ಟೀಲಿನ ತಟ್ಟೆಯಲ್ಲಿ ಕುಂಕುಮಕ್ಕೆ ಎಣ್ಣೆ ಹಾಕಿ ಕಲಸುತ್ತಿದ್ದಳು. ಅವರ ಕಡೆಯ ಪದ್ಧತಿ ಹೀಗೆ: ಹೊಸ ಎಂಜಿನ್ ದೋಣಿಗೆ ಇಳಿಸುವಾಗ ಅದರ ನಾಲ್ಕೂ ಪಾದಕ್ಕೆ ದಪ್ಪಗೆ ಕುಂಕುಮ ಬಳಿದು, ಒಮ್ಮೆ ತೊಲೆಯ ಮೇಲೆ ಕೂಡಿಸಿ, ಮತ್ತೆ ಎತ್ತಿ ದಂಡೆಯ ಮೇಲಿಟ್ಟು, ಕಾಯಿ ಒಡೆದು, ಆಮೇಲೆ ಕೆಲಸ ಹಿಡಿಯುವುದು. ಆರು ಜನ ಎರಡೆರಡು ಸಲ ಎತ್ತಿಳಿಸಬೇಕು. ನಮ್ಮ ರಾಯಚೂರಿನ ಮನೆಯ ಗೋಡೆಯ ಮೇಲೆ ಬುದ್ಧನೊಬ್ಬನದೇ ಪಟ ಇದೆ. ಅತ್ತೆಯ ಗೋಡೆಯ ಮೇಲೆ ಬುದ್ಧನೂ ಇದ್ದಾನೆ, ಅವನ ಆಚೆ ಈಚೆ ಬೇಕಾದಷ್ಟು ಮಂದಿಯೂ ಇದ್ದಾರೆ. ನನಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದಿತ್ತೇ? ಕಬ್ಬಿಣಕ್ಕೆ ಕುಂಕುಮ ಹಚ್ಚುವುದರಿಂದ ಕಬ್ಬಿಣಕ್ಕೇನು ಲಾಭ, ಇನ್ನು ಎರಡೇ ದಿನ ಉಳಿದಿರುವಾಗ ಆರು ಜನರ ಸೊಂಟಕ್ಕೇಕೆ ಶಿಕ್ಷೆ ಎಂದು ಶುರು ಮಾಡಿದೆ. ಟೇಪು ಇದೆ, ಪೆನ್ಸಿಲ್ ಇದೆ, ಅಳೆದು ಕೊರೆದರೆ ಒಂದೇ ಸಲಕ್ಕೆ ಕೂತುಬಿಡುತ್ತದೆ ಎಂದೆ. ಹೊರುವ ಆರು ಜನ ತಕ್ಷಣ ನನ್ನ ಪಕ್ಷ ಸೇರಿದರು. ಅತ್ತೆ ತಟ್ಟೆ ಕೆಳಗಿಟ್ಟು, "ಆತ್ ಬೇ ಯವ್ವಾ, ನೀ ಅಳಿ" ಎಂದಳು. ಅದನ್ನು ನಾನು ಗೆಲುವು ಎಂದೇ ಬರೆದುಕೊಂಡೆ.

ಅಳೆದೆ. ಶಾಫ್ಟಿನ ತುದಿಯಿಂದ ಹಿಂದಿನ ತೂತಿಗೆ ಎಷ್ಟು, ಅಲ್ಲಿಂದ ಮುಂದಿನದಕ್ಕೆ ಎಷ್ಟು, ಅಡ್ಡಕ್ಕೆ ಎಷ್ಟು ಎಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದೆ. ಮೂರು ತೂತು ಅಳೆದ ಮೇಲೆ ಟೇಪು ಮಡಚಿ ಜೇಬಿಗಿಟ್ಟೆ. ಆಯತದ ಮೂರು ಮೂಲೆ ಗೊತ್ತಿದ್ದ ಮೇಲೆ ನಾಲ್ಕನೆಯದನ್ನು ಅಳೆಯುವುದು ಬುದ್ಧಿಗೆ ಅವಮಾನ. ಅದು ಎಲ್ಲಿರಬೇಕು ಎಂದು ತರ್ಕವೇ ಹೇಳುತ್ತದಲ್ಲ. ಪಂಪ್‌ಹೌಸಿನಿಂದ ವೈರು ಎಳೆದು, ಎರವಲು ತಂದ ಡ್ರಿಲ್ ಮಷಿನ್ನಿನಲ್ಲಿ ನಾಲ್ಕೂ ತೂತು ಕೊರೆದೆ. ಕರೆಂಟು ಹೋಗುವ ಮುಂಚೆ ಮುಗಿಸಿದೆನೆಂದು ಬೀಗಿದೆ.

ಬಿದಿರಿನ ಬೊಂಬು, ಸರಪಳಿ, ಆರು ಹೆಗಲು. ಎಂಜಿನ್ ಇಳಿಯಿತು. ಒಂದು ಬೋಲ್ಟ್ ಸರ್ರೆಂದು ಜಾರಿತು. ಎರಡನೆಯದೂ, ಮೂರನೆಯದೂ ಜಾರಿದವು. ನಾಲ್ಕನೆಯದು ಟಕ್ ಎಂದು ನಿಂತಿತು. ಬಗ್ಗಿ ಕಾಲಿನ ತೂತಿನಲ್ಲಿ ಇಣುಕಿದರೆ ಕೆಳಗಿನ ತೂತು ಪೂರ್ತಿ ಕಾಣದೆ ಅರ್ಧಚಂದ್ರನಷ್ಟೇ ಕಂಡಿತು. ಕಾಲು ಅರ್ಧ ಬೆರಳಿನಷ್ಟು ಹೊರಗೆ ಚಾಚಿಕೊಂಡಿತ್ತು.

ನೋಡುತ್ತ ನಿಂತವರೆಲ್ಲ ಒಂದೊಂದು ಸಲಹೆ ಕೊಟ್ಟರು. ಹಾರೆ ಹಾಕಿ ಎಂಜಿನ್ನನ್ನೇ ಒಳಗೆ ಒತ್ತರಿಸಿ ಎಂದರೊಬ್ಬರು. ದೊಡ್ಡ ಡ್ರಿಲ್ ಬಿಟ್ ಹಾಕಿ ತೂತನ್ನೇ ಬಾವಿ ಮಾಡಿ ಎಂದರು ಇನ್ನೊಬ್ಬರು. ನಾನು ಸೋಲೊಪ್ಪಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಆದ್ದರಿಂದ ಹೊಸ ವಾದ ತೆಗೆದೆ: ಮೂರೇ ಬೋಲ್ಟ್ ಸಾಕು. ಮೂರು ಕಾಲಿನ ಸ್ಟೂಲು ಎಂಥ ಏರುಪೇರಿನ ನೆಲದ ಮೇಲೂ ಅಲುಗುವುದಿಲ್ಲ, ಅಲುಗುವುದು ನಾಲ್ಕು ಕಾಲಿನದೇ. ಇದು ರೇಖಾಗಣಿತ, ಯಾರೂ ತೆಗೆದುಹಾಕುವಂತಿಲ್ಲ. ಮಾವ ಅರ್ಧ ಒಪ್ಪಿದಂತೆ ಕಂಡ.

ಅತ್ತೆ ಈರುಳ್ಳಿ ಹೆಚ್ಚುತ್ತಿದ್ದಲ್ಲಿಂದಲೇ ಹೇಳಿದಳು: "ಸ್ಟೂಲು ಕುಂದ್ರತದ. ಎಂಜಿನ್ ಕುಣಿತದ."

ಮಾವ ಹ್ಯಾಂಡಲ್ ತಿರುವಿದ. ಎಂಜಿನ್ ಹತ್ತಿಕೊಂಡಿತು. ನಾಲ್ಕನೆಯ ಕಾಲು ಆಂಗಲ್ಲಿನ ಮೇಲೆ ಟಕಟಕಟಕ ಹೊಡೆಯತೊಡಗಿತು. ಪಕ್ಕದಲ್ಲಿಟ್ಟ, ನಟ್ಟು ಬಿಗಿಯುವ ಪಾನಾ ತಾನಾಗಿಯೇ ನಡೆಯುತ್ತ ಹೋಗಿ ದೋಣಿಯ ತಳಕ್ಕೆ ಬಿತ್ತು. ಮೂರು ಬೋಲ್ಟುಗಳಲ್ಲಿ ಒಂದರ ನಟ್ಟು ನಮ್ಮ ಕಣ್ಣೆದುರೇ ಸಡಿಲಾಯಿತು. ಮಾವ ಬಂದ್ ಮಾಡಿದ. ರೇಖಾಗಣಿತ ಅಲ್ಲಿಗೆ ಮುಗಿಯಿತು. ಚರ್ಚಾಸ್ಪರ್ಧೆಯಂತೆ ಗಂಟೆ ಬಾರಿಸುವವರೂ ಬೇಕಾಗಲಿಲ್ಲ.

ಅವನು ಕೈ ತೊಳೆದು ದಂಡೆಯ ಕಲ್ಲಿನ ಮೇಲೆ ಕೂತ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಉತ್ತರ ಕೊಡಬಹುದಿತ್ತು.

"ನಾಳಿ ಸಂಜಿತನಕ ನೋಡೂಣು," ಎಂದ. "ಆಗಲಿಲ್ಲಂದ್ರ ಆಚಿ ದಂಡಿಯವರಿಗೆ ನಾನೇ ಫೋನ್ ಮಾಡ್ತೀನಿ. ಮಂದಿ ನೀರಾಗ ಸಿಕ್ಕೊಂಡು ಕುಂದ್ರಬಾರದು."

ಹನ್ನೊಂದು ವರ್ಷದ ಪಾಳಿಯನ್ನು ತಾನೇ ಕರೆದು ಇನ್ನೊಬ್ಬನ ಕೈಗೆ ಕೊಡುವ ಮಾತನ್ನು ಅವನು ಚಹಾಕ್ಕೆ ಹಾಲು ತರಬೇಕು ಎಂಬಷ್ಟು ಸಾದಾ ಮಾಡಿ ಹೇಳಿದ. ನಾನು ವಾದ ಹೂಡದ್ದು ಕಂಡು, ಮೈಗೆ ಹುಷಾರಿಲ್ಲವೇನೋ ಎಂದು ಅತ್ತೆ ಬಂದು ಹಣೆ ಮುಟ್ಟಿ ನೋಡಿದಳು.

ಮಾನ್ವಿಯ ಮಿಸ್ತ್ರಿಗೆ ಫೋನ್ ಮಾಡಿದೆವು. ಮತ್ತೆ ಚಾಲೂ ಮಾಡಬೇಡಿ, ಹಾರೆ ಮುಟ್ಟಿಸಬೇಡಿ, ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ ಎಂದರು. ಬುಧವಾರ ದೇವದುರ್ಗದ ಬಸ್ ಸ್ಟ್ಯಾಂಡಿಗೆ ಸ್ಕೂಟಿ ತೆಗೆದುಕೊಂಡು ಹೋದೆ. ಅವರು ಒಂದು ಕೈಯಲ್ಲಿ ಕ್ಯಾನ್ವಾಸ್ ಚೀಲ, ಇನ್ನೊಂದರಲ್ಲಿ ಮಿರ್ಚಿಯ ಪೊಟ್ಟಣ ಹಿಡಿದು ಇಳಿದರು. ದಾರಿಯುದ್ದಕ್ಕೂ ನಾನು ನನ್ನ ಅಳತೆ ಯಾಕೆ ಸರಿ, ಎಂಜಿನ್ ಯಾಕೆ ತಪ್ಪು ಎಂದು ಗಾಳಿಗೆದುರಾಗಿ ಕೂಗಿ ವಿವರಿಸಿದೆ. ಹಿಂದಿನಿಂದ ಮಿರ್ಚಿ ಕಡಿಯುವ ಸದ್ದು ಬರುತ್ತಿತ್ತು.

ದೋಣಿಗೆ ಹತ್ತಿದವರೇ ಅವರು ನಾಲ್ಕನೆಯ ಕಾಲಿನ ಮೇಲೆ ಹೆಬ್ಬೆರಳು ಆಡಿಸಿ ಮಾವನನ್ನು ಕರೆದು ತೋರಿಸಿದರು. ಬಣ್ಣದ ಕೆಳಗೆ ಹಳದಿ ಛಾಯೆಯ ಒಂದು ಗೆರೆ. ಹಿರೇಕೊಟ್ನೆಕಲ್ಲಿನ ಗದ್ದೆಯಲ್ಲಿದ್ದಾಗಲೇ ಎಂದೋ ಎತ್ತಿನ ಬಂಡಿಯಿಂದ ಬಿದ್ದು ಆ ಕಾಲು ಮುರಿದಿತ್ತಂತೆ. ಹಿತ್ತಾಳೆ ಕರಗಿಸಿ ಕೂಡಿಸಿದ್ದು ಅವರೇ. ಕೂಡಿಸಿದಾಗ ಕಾಲು ಸ್ವಲ್ಪ ಹೊರಗೆ ಸರಿದಿತ್ತು.

"ಹಂಗಾದ್ರ ನಮಗ ಮೊದಲ ಹೇಳಬೇಕಿತ್ತಲ್ರೀ ಚಾಚಾ," ಎಂದೆ. ಕೊನೆಗೂ ತಪ್ಪಿಗೆ ಬೇರೆ ಯಜಮಾನ ಸಿಕ್ಕ ಸಂತೋಷ ನನ್ನ ದನಿಯಲ್ಲಿ ಇದ್ದಿರಬೇಕು.

ಅವರು ನನ್ನನ್ನು ನೋಡದೆ ಅತ್ತೆಯನ್ನು ಕೇಳಿದರು: "ಯಾಕಮ್ಮಾ, ಕುಂಕುಮ ಹಚ್ಚಿ ಇಡಲಿಲ್ಲೇನು?"

ಅತ್ತೆ ಸೆರಗು ಬಾಯಿಗೆ ಹಿಡಿದಳು.

"ಕುಂಕುಮಕ್ಕೂ ಕಾಲಿಗೂ ಏನ್ ಸಂಬಂಧ?" ಎಂದೆ. ಆದರೆ ಕೇಳುತ್ತಿರುವಾಗಲೇ ನನಗೆ ಉತ್ತರ ಹೊಳೆದು, ಪ್ರಶ್ನೆ ಬಾಯಿಂದ ಪೂರ್ತಿ ಹೊರಗೆ ಬರುವ ಹೊತ್ತಿಗೆ ಕಿವಿ ಬಿಸಿಯಾಗಿತ್ತು.

"ನಾ ಗ್ರೀಸ್ ಹಚ್ತೀನಿ ಬೇಟಿ, ಇವರು ಕುಂಕುಮ ಹಚ್ತಾರ. ಇಟ್ಟು ಎತ್ತಿದ್ರ ತೂತು ಎಲ್ಲಿ ಅಂತ ಎಂಜಿನ್ನ ಹೇಳ್ತದ. ಈ ಕಡಿ ಎಲ್ಲರೂ ಹಂಗ ಮಾಡ್ತಾರಂತ ನಾ ಹೇಳಲಿಲ್ಲ."

ದಪ್ಪಗೆ ಕುಂಕುಮ ಬಳಿದ ಪಾದ ಇಟ್ಟು ಎತ್ತಿದರೆ ಆಂಗಲ್ಲಿನ ಮೇಲೆ ಕೆಂಪು ಗುರುತು ಮೂಡುತ್ತದೆ, ತೂತಿರುವ ಕಡೆ ಮಾತ್ರ ಖಾಲಿ ಉಳಿಯುತ್ತದೆ. ಕಾಲು ವಕ್ರವಾಗಿದ್ದರೆ ಗುರುತೂ ವಕ್ರವಾಗಿಯೇ ಬೀಳುತ್ತದೆ. ಆರು ಜನ ಎರಡು ಸಲ ಎತ್ತುವುದು ಅದಕ್ಕೆ. ಕಾಯಿ ಒಡೆಯುವುದು ಅವರು ದಣಿವಾರಿಸಿಕೊಳ್ಳಲಿ, ಅಷ್ಟರಲ್ಲಿ ಗುರುತು ಒಣಗಲಿ ಅಂತ. ಈ ಕೊನೆಯದು ನನ್ನ ಊಹೆ. ಅತ್ತೆ ಒಪ್ಪಿಲ್ಲ.

ನಾನು ಅಷ್ಟಕ್ಕೇ ಬಿಡುವವಳಲ್ಲ. ಹಾಗಾದರೆ ಕೆಲಸ ಮಾಡುವುದು ಗುರುತು, ದೇವರಲ್ಲ, ನನ್ನ ಮೂಲ ವಾದಕ್ಕೆ ಧಕ್ಕೆಯಿಲ್ಲ ಎಂದೆ.

"ನಾ ಎಲ್ಲಿ ದೇವರು ಅಂದೀನಿ?" ಎಂದಳು ಅತ್ತೆ. "ಕುಂಕುಮ ಹಚ್ಚಬೇಕು ಅಂದೆ. ದೇವರನ್ನ ತಂದಾಕಿ ನೀನ ಅಲ್ಲೇನು?"

ಅದು ನಿಜ. ಅವಳು ಒಂದು ಸಲವೂ ಹಾಗೆ ಹೇಳಿರಲಿಲ್ಲ. ಇಲ್ಲದ ವಾದವನ್ನು ಎದುರಾಳಿಯ ಬಾಯಲ್ಲಿ ಇಟ್ಟು ಅದನ್ನು ಹೊಡೆಯುವುದು ಅಗ್ಗದ ಆಟ ಎಂದು ಎಷ್ಟೋ ವೇದಿಕೆಯಲ್ಲಿ ಎಷ್ಟೋ ಜನರಿಗೆ ನಾನೇ ಹೇಳಿದ್ದೆ.

ಮಿಸ್ತ್ರಿ ಕೆಲಸಕ್ಕಿಳಿದರು. ಮೊದಲು ಎಂಜಿನ್ನೂ ಶಾಫ್ಟೂ ಕೂಡುವ ಎರಡು ಕಬ್ಬಿಣದ ತಟ್ಟೆಗಳ ನಡುವಿನ ಸಂದಿಯಲ್ಲಿ ಗರಗಸದ ಬ್ಲೇಡು ತೂರಿಸಿದರು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ನಾಲ್ಕೂ ಕಡೆ ಬ್ಲೇಡು ಒಂದೇ ಬಿಗಿಯಲ್ಲಿ ಹೋಯಿತು. ಆಮೇಲೆ ಮಾವನಿಗೆ ಹಾರೆಯಿಂದ ನಾಲ್ಕನೆಯ ಕಾಲನ್ನು ಒಂದಿಷ್ಟು ಒಳಗೆ ಒತ್ತಲು ಹೇಳಿದರು. ಈಗ ಬ್ಲೇಡು ಎಡಕ್ಕೆ ಸಲೀಸಾಗಿ ಆಡಿತು, ಬಲಕ್ಕೆ ಒಳಗೇ ಹೋಗಲಿಲ್ಲ. ಬೋಲ್ಟಿನ ಆಸೆಗೆ ಹೀಗೆ ಎಳೆದು ಬಿಗಿದಿದ್ದರೆ ಶಾಫ್ಟು ಸೊಟ್ಟ ತಿರುಗಿ, ಅದು ದೋಣಿಯಿಂದ ಹೊರಹೋಗುವ ಜಾಗದಲ್ಲಿ ಒಂದೇ ವಾರದಲ್ಲಿ ನೀರು ಒಳಬರುತ್ತಿತ್ತು. ಅಂದರೆ ಎಂಜಿನ್ ಸರಿಯಾದ ಜಾಗದಲ್ಲೇ ಇದೆ, ಮೂರು ತೂತೂ ಸರಿ ಇವೆ. ಸರಿಯಬೇಕಾದದ್ದು ನಾಲ್ಕನೆಯ ತೂತು.

"ಮೂರು ಬರೋಬರಿ ಹಾಕೀದಿ," ಎಂದರು ನನಗೆ. ಆ ಎರಡು ದಿನಗಳಲ್ಲಿ ನನಗೆ ಸಿಕ್ಕ ಏಕೈಕ ಅಂಕ ಅದು.

ಪಕ್ಕದಲ್ಲೇ ಹೊಸ ತೂತು ಹಾಕೋಣವೇ ಎಂದೆ. ಡ್ರಿಲ್ಲಿನ ಮೊನೆ ಹಳೆಯ ತೂತಿಗೇ ಜಾರಿ ಬೀಳುತ್ತದೆ ಎಂದರು. ಅದನ್ನೇ ದೊಡ್ಡದು ಮಾಡಿದರೆ ಎಂದೆ. ದೊಡ್ಡ ತೂತಿನಲ್ಲಿ ಬೋಲ್ಟು ನಾಲ್ಕು ದಿಕ್ಕಿಗೂ ಓಡಾಡುತ್ತದೆ, ಉದ್ದ ತೂತಿನಲ್ಲಿ ಒಂದೇ ದಿಕ್ಕಿಗೆ, ಆ ಒಂದು ದಿಕ್ಕನ್ನು ನಾವು ಮುಚ್ಚಬಹುದು ಎಂದರು. ನಾನು ಮರುಪ್ರಶ್ನೆ ಹುಡುಕಿದ್ದಂತೂ ಹೌದು.

ಆರು ಜನ ಮತ್ತೆ ಬಂದರು. ನಿನ್ನೆ ನನ್ನ ಪಕ್ಷದಲ್ಲಿದ್ದವರು ಈಗ ನನ್ನ ಮುಖ ನೋಡಿ ನಗುತ್ತ ಬೊಂಬು ಹೆಗಲಿಗಿಟ್ಟರು. ಮಿಸ್ತ್ರಿ ನಾಲ್ಕನೆಯ ಪಾದಕ್ಕೆ ಗ್ರೀಸ್ ಬಳಿದು, ಇಳಿಸಿ, ಎತ್ತಿಸಿದರು. ಕಪ್ಪು ಗುರುತು ಬಿತ್ತು, ಅದರ ನಡುವೆ ಖಾಲಿ ಉಂಗುರ. ನನ್ನ ತೂತಿನಿಂದ ಆ ಉಂಗುರದ ಅಂಚಿನ ತನಕ ಸುಣ್ಣದಲ್ಲಿ ಗೆರೆ ಎಳೆದು, ಚೀಲದಿಂದ ದುಂಡನೆಯ ಅರ ತೆಗೆದು ನನ್ನ ಕೈಗೆ ಕೊಟ್ಟರು. ಕರೆಂಟು ಇರಲಿಲ್ಲ. ಇದ್ದಿದ್ದರೂ ಅವರು ಕೊಡುತ್ತಿದ್ದದ್ದು ಅದನ್ನೇ ಎಂದು ನನ್ನ ಗುಮಾನಿ.

"ಮುಂದಕ ದೂಡುವಾಗ ಒತ್ತು. ಹಿಂದಕ ಬರುವಾಗ ಬಿಡು. ಗೆರಿ ದಾಟಬ್ಯಾಡ."

ಕಬ್ಬಿಣವನ್ನು ಕೈಯಿಂದ ತೇಯುವುದು ಎಷ್ಟು ನಿಧಾನ ಎಂದರೆ, ಹತ್ತು ನಿಮಿಷಕ್ಕೊಮ್ಮೆ ಊದಿ ನೋಡಿದರೂ ತೂತು ನಿನ್ನೆ ಇದ್ದ ಹಾಗೆಯೇ ಕಾಣುತ್ತದೆ. ಆದರೆ ಬೆರಳಿಟ್ಟರೆ ಗೊತ್ತಾಗುತ್ತದೆ. ಕಣ್ಣಿಗಿಂತ ಬೆರಳು ಬೇಗ ನಂಬುತ್ತದೆ. ಅಂಗೈಯಲ್ಲಿ ಬೊಬ್ಬೆ ಎದ್ದಿತು, ಒಡೆಯಿತು. ಅತ್ತೆ ಅದಕ್ಕೆ ಅರಿಶಿನ ಹಚ್ಚಿದಳು, ನಾನು ವಾದಿಸಲಿಲ್ಲ. ಮಿಸ್ತ್ರಿ ಜಾಲಿಯ ನೆರಳಿನಲ್ಲಿ ಕೂತು, ನಡುನಡುವೆ ಸದ್ದು ಕೇಳಿಯೇ, ಓರೆ ಹೊಡೆಯಾಕತ್ತೀದಿ, ನೆಟ್ಟಗ ಹಿಡಿ ಎನ್ನುತ್ತಿದ್ದರು. ಸದ್ದು ಕೇಳಿ ಹೇಗೆ ಗೊತ್ತಾಗುತ್ತದೆ ಎಂದು ಈ ಸಲ ಕೇಳಲಿಲ್ಲ, ಯಾಕೆಂದರೆ ಸುಮಾರು ಒಂದು ತಾಸಿನ ಹೊತ್ತಿಗೆ ನನಗೂ ಕೇಳಿಸತೊಡಗಿತ್ತು. ನೆಟ್ಟಗಿದ್ದಾಗ ಅರ ಉಸಿರೆಳೆದಂತೆ ಸದ್ದು ಮಾಡುತ್ತದೆ, ಓರೆಯಾದಾಗ ಕೀರಲು.

ಕೆಳಗಿನ ತೊಲೆಯ ತೂತನ್ನು ಮಾವ ಉಳಿಯಿಂದ ಉದ್ದ ಮಾಡಿದ. ಊಟದ ಹೊತ್ತು ಕಳೆದ ಮೇಲೆ ಎಂಜಿನ್ ಮೂರನೆಯ ಸಲ, ಟೆಂಪೋದಿಂದ ಇಳಿದದ್ದನ್ನೂ ಲೆಕ್ಕ ಹಿಡಿದರೆ ನಾಲ್ಕನೆಯ ಸಲ, ಇಳಿಯಿತು. ನಾಲ್ಕನೆಯ ಬೋಲ್ಟು ಸದ್ದಿಲ್ಲದೆ ಜಾರಿ ಕೆಳಗೆ ಮಾವನ ಅಂಗೈ ಮುಟ್ಟಿತು. ಅವನು ಕೆಳಗಿನಿಂದಲೇ "ಬಂತು" ಎಂದ. ಒಳಬದಿಯಲ್ಲಿ ಖಾಲಿ ಉಳಿದ ಜಾಗಕ್ಕೆ ಮಿಸ್ತ್ರಿ ಕಬ್ಬಿಣದಲ್ಲಿ ಹಳೆಯ ಬೋಲ್ಟಿನಿಂದ ಕೊಯ್ದ ತುಂಡು, ಮರದಲ್ಲಿ ಜಾಲಿಯ ಬೆಣೆ ಹೊಡೆದು ತುಂಬಿದರು. ಕೆಳಗೆ ಬೋಲ್ಟಿನಷ್ಟೇ ತೂತಿರುವ ದಪ್ಪ ಪಟ್ಟಿ ಇಟ್ಟು ಎರಡು ನಟ್ಟು ಬಿಗಿದರು. ಮತ್ತೆ ಬ್ಲೇಡು ನಾಲ್ಕೂ ಕಡೆ ತಿರುಗಿತು. ಚಾಲೂ ಮಾಡಿದಾಗ ಪಾನಾ ಇಟ್ಟಲ್ಲೇ ಕೂತಿತ್ತು.

ಆದರೂ ದಂಡೆಯ ಮೇಲೆ ಓಡುವುದು ಬೇರೆ, ಹೊಳೆಯಲ್ಲಿ ಓಡುವುದು ಬೇರೆ ಎಂದು ಮಿಸ್ತ್ರಿ ಬಸ್ಸಿಗೆ ಹೋಗುವ ಮುಂಚೆ ನನಗೊಂದು ಕೆಲಸ ಹಚ್ಚಿದರು. ಮೊದಲ ಸಲ ದಾಟುವಾಗ ಆ ಕಾಲಿನ ಮೇಲೆ ಅಂಗೈ ಇಟ್ಟು ಕೂರಬೇಕು. ಎಂಜಿನ್ ನಡುಗಿದರೆ ಚಿಂತೆಯಿಲ್ಲ. ಕಾಲು ಎಂಜಿನ್ನಿಗಿಂತ ಬೇರೆಯಾಗಿ ನಡುಗಿದರೆ ತಕ್ಷಣ ಹೇಳಬೇಕು.

ಗುರುವಾರ ಬೆಳಕಾಗುವಷ್ಟರಲ್ಲಿ ಬಂಡೆಗಳು ಕಾಣದಾಗಿದ್ದವು. ಕೆಂಪು ನೀರು ಕಸ, ಕಡ್ಡಿ, ಯಾರದೋ ಒಂದು ಪ್ಲಾಸ್ಟಿಕ್ ಕೊಡ ಹೊತ್ತು ಹೋಗುತ್ತಿತ್ತು. ಆಚೆ ದಂಡೆಯಲ್ಲಿ ಇನ್ನೊಂದು ದೋಣಿ ಕಟ್ಟಿ ನಿಂತಿತ್ತು, ಅದರಲ್ಲಿ ಇಬ್ಬರು ನಮ್ಮ ಕಡೆ ನೋಡುತ್ತ ಕೂತಿದ್ದರು. ಮಾವ ಅವರಿಗೆ ಕೈ ಎತ್ತಿದ, ಅವರೂ ಎತ್ತಿದರು. ನಾನು ಬೊಬ್ಬೆಯ ಕೈಯನ್ನು ಎಂಜಿನ್ನಿನ ನಾಲ್ಕನೆಯ ಕಾಲಿನ ಮೇಲಿಟ್ಟು ಕೂತೆ. ನಡುಹೊಳೆಯಲ್ಲಿ ಸೆಳವು ದೋಣಿಯನ್ನು ಪಕ್ಕಕ್ಕೆ ಎಳೆಯಿತು. ಎಂಜಿನ್ ಗುಡುಗಿತು, ಅಂಗೈ ಮರಗಟ್ಟಿತು. ಕಾಲು ಎಂಜಿನ್ನಿನ ಜೊತೆಗೇ ನಡುಗಿತು, ಬೇರೆಯಾಗಲಿಲ್ಲ. ಮಾವ ಒಮ್ಮೆ ತಿರುಗಿ ನೋಡಿದ. ತಲೆ ಆಡಿಸಿದೆ. ನಾನು ಒಂದು ಪ್ರಶ್ನೆಗೆ ಅಷ್ಟು ಚಿಕ್ಕ ಉತ್ತರ ಕೊಟ್ಟದ್ದು ಅದೇ ಮೊದಲು.

ನಡುಗಡ್ಡೆಯಲ್ಲಿ ಹಾಲಿನ ಕ್ಯಾನು, ಎರಡು ಆಡು, ದೇವದುರ್ಗಕ್ಕೆ ಹೊರಟ ಹೆಂಗಸರು, ಅವರ ನಡುವೆ ಆ ಹಿರಿಯರು. ಎಲ್ಲರೂ ಹತ್ತಿದರು. ಹಿರಿಯರು ಎಂಜಿನ್ನಿನ ಹತ್ತಿರವೇ ಕೂತರು. ಅದನ್ನು ನೋಡಲಿಲ್ಲ, ಅದರ ಬಗ್ಗೆ ಕೇಳಲಿಲ್ಲ. ಬರುವ ದಾರಿಯುದ್ದಕ್ಕೂ ಒಂದು ಆಡಿನ ಕಿವಿ ಹಿಡಿದುಕೊಂಡಿದ್ದರು. ದಂಡೆ ಮುಟ್ಟಿದಾಗ ಎಲ್ಲರೂ ಇಳಿಯುವ ತನಕ ಕಾದು ಕೊನೆಗೆ ಇಳಿದರು. ಈಗ ಹೇಳುತ್ತಾರೆ ಎಂದು ನಾನು ಅಂಗೈ ಎತ್ತದೆ ಕಾದೆ. ನನಗೆ ತೀರ್ಪು ಬೇಕಿತ್ತು. ಇಂಥವರಿಗೆ ಪಾಳಿ, ಇಂಥ ಕಾರಣಕ್ಕೆ ಎಂಬ ಎರಡು ಸಾಲು ಸಾಕಾಗಿತ್ತು.

ಹಿರಿಯರು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಸಂಜಿಗೆ ಎಷ್ಟಕ್ಕ ಬರ್ತಿ?"

"ಐದಕ್ಕರೀ," ಎಂದ ಮಾವ.

"ಐದೂವರಿ ಮಾಡು. ತಹಶೀಲ್ ಆಫೀಸಿನಾಗ ಕೆಲಸ ಅದ."

ಅಷ್ಟು ಹೇಳಿ ದಂಡೆ ಹತ್ತಿ ಹೋದರು. ಇದಕ್ಕೆ ಹೌದು ಅಂತ ಅರ್ಥವೇ, ಈ ವರ್ಷಕ್ಕೂ ನಿನಗೇ ಅಂತ ಅರ್ಥವೇ ಎಂದು ಮಾವನನ್ನು ಕೇಳಲು ತಿರುಗಿದೆ. ಅವನು ಕಟ್ಟುವ ಹಗ್ಗ ಆಗಲೇ ಬಿಚ್ಚಿ, ದಂಡೆಯ ಮೇಲೆ ಸಾಲಾಗಿ ನಿಂತವರಿಗೆ, ಯಾರ್ ಯಾರ್ ಬರ್ತೀರಿ, ಲಗೂನ ಹತ್ರಿ ಎಂದು ಕರೆಯುತ್ತಿದ್ದ.